ಒಂದು ಪರದೆ, ನಾಲ್ಕು ತಲೆ

ಕಳೆದ ದಸರಾ ರಜೆಯ ಒಂದು ಶನಿವಾರ ಮಧ್ಯಾಹ್ನ. ನಮ್ಮ ಫ್ಲ್ಯಾಟಿನ ಹಾಲಿನಲ್ಲಿ ನಾಲ್ಕು ಮಕ್ಕಳಿದ್ದರು. ಆರನೇ ಕ್ಲಾಸಿನ ನನ್ನ ಮಗಳು, ರಜೆಗೆ ಬಂದಿದ್ದ ಅಣ್ಣನ ಮಗ, ಎದುರು ಮನೆಯ ಹುಡುಗ, ಮತ್ತು ಅವನ ಹಿಂದೆ ಬಾಲದ ಥರ ಬರುವ ಅವನ ತಂಗಿ. ನಾಲ್ಕು ಮಕ್ಕಳು, ನಾಲ್ಕು ಪರದೆ, ನಾಲ್ಕು ಜೊತೆ ಹೆಡ್‌ಫೋನು. ಊರಿಂದ ಬಂದಿದ್ದ ಅಮ್ಮ ಅಡುಗೆಮನೆಯಿಂದ ಎರಡು ಸಲ ಇಣುಕಿ ನೋಡಿ, ಮೂರನೇ ಸಲ ನನ್ನ ಹತ್ರ ಬಂದು ಮೆಲ್ಲಗೆ ಕೇಳಿದರು: "ಏನಾಯ್ತೋ? ಜಗಳ ಆಡ್ಕೊಂಡ್ರಾ?"

ಜಗಳ ಏನಿಲ್ಲಮ್ಮ, ಕಲೀತಿದಾರೆ ಅಂದೆ. ಸುಳ್ಳೇನಲ್ಲ. ಮಗಳು ಗಣಿತದ ಆ್ಯಪಿನಲ್ಲಿದ್ದಳು. ಅಣ್ಣನ ಮಗ ಡೈನೋಸಾರ್ ವಿಡಿಯೋ ನೋಡ್ತಿದ್ದ. ಉಳಿದಿಬ್ಬರು ಏನೋ ಒಂದು. ಅಮ್ಮ ಒಂದು ಕ್ಷಣ ನಿಂತು, "ನಾಲ್ಕು ಜನ ಇದ್ದೂ ಮನೇಲಿ ಯಾರೂ ಇಲ್ದಂಗಿದೆ" ಅಂತ ಹೇಳಿ ವಾಪಸ್ ಹೋದರು.

ಅದಾಗಿ ಅರ್ಧ ಗಂಟೆಗೆ ವೈಫೈ ಹೋಯ್ತು. ಅವತ್ತು ರಾತ್ರಿವರೆಗೂ ಬರಲಿಲ್ಲ. ಆ ಸಂಜೆ ನಮ್ಮ ಹಾಲಿನಲ್ಲಿ ನಡೆದದ್ದನ್ನ ನೋಡಿದ ಮೇಲೆ, ನಾನು ಹತ್ತು ವರ್ಷದಿಂದ ನಂಬಿಕೊಂಡಿದ್ದ ಒಂದು ಭಾಷಣವನ್ನ ಮತ್ತೆ ಹಾಕಿಕೊಂಡು ನೋಡಬೇಕಾಯ್ತು. ಈ ಬರಹ ಆ ಭಾಷಣದ ಬಗ್ಗೆ. ಅದು ಹೇಳಿದ್ದರ ಬಗ್ಗೆ, ಅರ್ಧ ಹೇಳಿ ಬಿಟ್ಟಿದ್ದರ ಬಗ್ಗೆ, ಮತ್ತು ಅದರ ಅರ್ಧವನ್ನ ಮಾತ್ರ ಎತ್ತಿಕೊಂಡು ನಮ್ಮಂಥವರ ಮನೆಗೆ ಮಾರಲು ಬಂದವರ ಬಗ್ಗೆ.

ಸುಗತ ಮಿತ್ರ ಹೆಸರು ನಿಮಗೆ ಗೊತ್ತಿರಬಹುದು. 1999ರಲ್ಲಿ ಅವರು ದೆಹಲಿಯ ಕಾಲ್ಕಾಜಿಯಲ್ಲಿ ಎನ್‌ಐಐಟಿ ಕಂಪನಿಯ ಸಂಶೋಧನಾ ವಿಭಾಗದಲ್ಲಿದ್ದರು. ಆಫೀಸಿನ ಕಾಂಪೌಂಡಿನಾಚೆ ಕೊಳೆಗೇರಿ. ಆ ಗೋಡೆಗೆ ಒಂದು ತೂತು ಕೊರೆದು, ಅದರಲ್ಲಿ ಇಂಟರ್‌ನೆಟ್ ಇರುವ ಒಂದು ಕಂಪ್ಯೂಟರ್ ಕೂರಿಸಿ, ಯಾರಿಗೂ ಏನೂ ಹೇಳಿಕೊಡದೆ ಬಿಟ್ಟರು. ಕಂಪ್ಯೂಟರ್ ಕಂಡೇ ಇರದ ಮಕ್ಕಳು ಕೆಲವೇ ಗಂಟೆಗಳಲ್ಲಿ ಅದನ್ನ ಓಡಾಡಿಸೋಕೆ ಶುರು ಮಾಡಿದರು. 'ಗೋಡೆಯ ತೂತು' ಅಂತಲೇ ಆ ಪ್ರಯೋಗ ಹೆಸರಾಯಿತು. ವಿಕಾಸ್ ಸ್ವರೂಪ್ ಅವರ 'ಕ್ಯೂ ಆ್ಯಂಡ್ ಎ' ಕಾದಂಬರಿಗೆ, ಆ ಮೂಲಕ 'ಸ್ಲಮ್‌ಡಾಗ್ ಮಿಲಿಯನೇರ್' ಸಿನಿಮಾಕ್ಕೆ, ಇದೂ ಒಂದು ಸ್ಫೂರ್ತಿ. 2013ರಲ್ಲಿ ಮಿತ್ರ ಅವರಿಗೆ ಹತ್ತು ಲಕ್ಷ ಡಾಲರಿನ ಟೆಡ್ ಬಹುಮಾನ ಬಂತು. ಮೋಡದಲ್ಲಿ ಒಂದು ಶಾಲೆ ಕಟ್ಟೋಣ ಅಂತ ಅವತ್ತು ವೇದಿಕೆಯ ಮೇಲೆ ಹೇಳಿದರು.

ನಾನದನ್ನ ನೋಡಿದಾಗ ಮದುವೆ ಆಗಿರಲಿಲ್ಲ. ಆಫೀಸಿನ ಕ್ಯಾಂಟೀನಿನಲ್ಲಿ ಮೂರು ಜನ ಒಂದೇ ಫೋನಿಗೆ ತಲೆ ತೂರಿಸಿಕೊಂಡು ನೋಡಿದ್ವಿ. ನೋಡಿ ಮುಗಿದಾಗ ಮೈ ಜುಮ್ ಅಂದಿತ್ತು. ಬೆತ್ತ ಹಿಡಿದ ಮೇಷ್ಟ್ರ ಕೈಲಿ ಕಲಿತ ನಮ್ಮಂಥವರಿಗೆ, 'ಮೇಷ್ಟ್ರೇ ಬೇಡ, ಮಕ್ಕಳು ತಾವೇ ಕಲೀತಾರೆ' ಅನ್ನೋ ಮಾತು ಕೇಳೋಕೆ ಎಷ್ಟು ಹಿತ ಅಂತ ಬೇರೆ ಹೇಳಬೇಕಾ?

ಭಾಷಣವಾಗಿ ಅದು ನಿಜಕ್ಕೂ ಚೆನ್ನಾಗಿದೆ. ಮಿತ್ರ ಒಳ್ಳೆಯ ಕಥೆಗಾರ. ತಮ್ಮನ್ನೇ ತಾವು ತಮಾಷೆ ಮಾಡಿಕೊಳ್ತಾರೆ, ಅಂಕಿಅಂಶವನ್ನ ಗುದ್ದೋದಿಲ್ಲ, ಮಕ್ಕಳ ಮಾತನ್ನ ಮಕ್ಕಳ ಥರವೇ ಹೇಳ್ತಾರೆ. ಇಂಗ್ಲಿಷ್ ಬಾರದ ಮಗು ಇಂಗ್ಲಿಷಿನ ಯಂತ್ರಕ್ಕೆ ಹೆದರೋದಿಲ್ಲ ಅನ್ನೋದು ಅವರ ಕಥೆಗಳಲ್ಲಿ ಮತ್ತೆ ಮತ್ತೆ ಬರುತ್ತೆ. ಅದಕ್ಕೆ ನಾನು ಇವತ್ತಿಗೂ ತಲೆಬಾಗ್ತೀನಿ. ಬಡವರ ಮಕ್ಕಳಿಗೆ ಬುದ್ಧಿ ಕಮ್ಮಿ ಅಲ್ಲ, ಅವಕಾಶ ಕಮ್ಮಿ ಅಂತ ಇಷ್ಟು ಸಲೀಸಾಗಿ ಜಗತ್ತಿಗೆ ಮುಟ್ಟಿಸಿದವರು ಕಡಿಮೆ.

ಆದರೆ ಮಿತ್ರ ಅವರ ಎಲ್ಲ ಮಾತಿನಲ್ಲೂ ಎರಡು ಸಂಗತಿ ಒಟ್ಟಿಗೆ ಹೆಣೆದುಕೊಂಡಿವೆ. ಒಂದು, ಮಕ್ಕಳು 'ತಾವೇ' ಕಲಿಯುತ್ತಾರೆ. ಇನ್ನೊಂದು, ಮಕ್ಕಳು 'ಒಟ್ಟಾಗಿ' ಕಲಿಯುತ್ತಾರೆ. ನಾವೆಲ್ಲ ಮೊದಲನೆಯದನ್ನ ಕೇಳಿಸಿಕೊಂಡ್ವಿ. ಎರಡನೆಯದನ್ನ ಹಿನ್ನೆಲೆ ಸಂಗೀತ ಅಂದುಕೊಂಡ್ವಿ.

ಗೋಡೆಯ ತೂತಿನಲ್ಲಿ ಇದ್ದದ್ದು ಒಂದೇ ಕಂಪ್ಯೂಟರ್. ಅದರ ಮುಂದೆ ಒಬ್ಬ ಕೈಯಾಡಿಸ್ತಾನೆ, ಮೂರು ಜನ ಪಕ್ಕದಲ್ಲಿ ನಿಂತು ಸಲಹೆ ಕೊಡ್ತಾರೆ, ಅವರ ಸುತ್ತ ಇನ್ನೊಂದಷ್ಟು ಜನ ತಪ್ಪುತಪ್ಪಾಗಿ ಕೂಗ್ತಿರ್ತಾರೆ, ಪರೀಕ್ಷೆ ಮಾಡಿದರೆ ಎಲ್ಲರಿಗೂ ಗೊತ್ತಿರುತ್ತೆ. ಮಿತ್ರ ತಾವೇ ಕೊಡುವ ಚಿತ್ರ ಇದು. ಆಮೇಲೆ ಇಂಗ್ಲೆಂಡಿನ ಶಾಲೆಗಳಲ್ಲಿ ಅದೇ ಪ್ರಯೋಗ ಮಾಡುವಾಗಲೂ ಅವರ ನಿಯಮ ಇದೇ: ನಾಲ್ಕು ಮಕ್ಕಳಿಗೆ ಒಂದೇ ಕಂಪ್ಯೂಟರ್. ಗುಂಪು ಬದಲಾಯಿಸಬಹುದು, ಪಕ್ಕದ ಗುಂಪು ಏನು ಮಾಡ್ತಿದೆ ಅಂತ ಹೋಗಿ ನೋಡಬಹುದು, ನೋಡಿದ್ದನ್ನ ಬಂದು ತಮ್ಮವರಿಗೆ ಹೇಳಬಹುದು. ಶಾಲೆಯಲ್ಲಿ ಯಾವುದನ್ನ ಕಾಪಿ ಹೊಡೆಯೋದು ಅಂತಾರೋ, ಅಲ್ಲಿ ಅದೇ ಪಾಠ.

ಅಂದ್ರೆ ಪರದೆ ಕಮ್ಮಿ ಇದ್ದದ್ದು ಆ ಪ್ರಯೋಗದ ಕೊರತೆ ಅಲ್ಲ. ಅದೇ ಅದರ ಎಂಜಿನ್ನು. ಒಂದೇ ಪರದೆ ಇದ್ದಿದ್ದಕ್ಕೆ ಜಗಳ ಬಂತು, ಜಗಳ ಬಂದಿದ್ದಕ್ಕೆ ಮಾತು ಬಂತು, ಮಾತಾಡಬೇಕಾಗಿ ಬಂದಿದ್ದಕ್ಕೆ ತಲೆ ಓಡಿತು.

ಈಗ ನಮ್ಮ ಮನೆಗೆ ಬನ್ನಿ. ಕೆಲವು ವರ್ಷದ ಹಿಂದೆ ಒಂದು ಕಲಿಕಾ ಆ್ಯಪಿನ ಹುಡುಗನೊಬ್ಬ ಇನ್‌ಶರ್ಟ್ ಮಾಡಿಕೊಂಡು ನಮ್ಮ ಸೋಫಾದ ಮೇಲೆ ಕೂತ. ಮಗಳಿಗೆ ಟ್ಯಾಬಿನಲ್ಲಿ ಒಂದು ಟೆಸ್ಟ್ ಕೊಟ್ಟ. ಅವಳು ನಾಲ್ಕು ತಪ್ಪು ಮಾಡಿದಳು. ಅವನು ಆ ನಾಲ್ಕನ್ನ ಎಕ್ಸ್‌ರೇ ತೋರಿಸುವ ಡಾಕ್ಟರ್ ಥರ ನಮಗೆ ತೋರಿಸಿದ. ಆಮೇಲೆ ಹೇಳಿದ: "ಸರ್, ಮಕ್ಕಳು ತಾವೇ ಕಲೀತಾರೆ, ನಾವು ವಾತಾವರಣ ಕೊಡಬೇಕು ಅಷ್ಟೆ. ಇದು ಫುಲ್ ಪರ್ಸನಲೈಸ್ಡ್. ನಿಮ್ಮ ಮಗುವಿನ ವೇಗಕ್ಕೆ ಇದು ನಡೆಯುತ್ತೆ. ಬೇರೆಯವರಿಗೋಸ್ಕರ ಅವಳು ಕಾಯಬೇಕಿಲ್ಲ, ಅವಳಿಗೋಸ್ಕರ ಬೇರೆಯವರು ಕಾಯಬೇಕಿಲ್ಲ." ನಾನು ಇಎಂಐಗೆ ಸಹಿ ಹಾಕಿದೆ.

ಆ ವಾಕ್ಯ ಈಗ ಮತ್ತೆ ಓದಿ ನೋಡಿ. ಬೇರೆಯವರಿಗೋಸ್ಕರ ಕಾಯಬೇಕಿಲ್ಲ. ಇದು ಗೋಡೆಯ ತೂತಿಗೆ ಪೂರ್ತಿ ಉಲ್ಟಾ. ಆದರೆ ಮಾತು ಅದರದ್ದೇ, 'ಮಕ್ಕಳು ತಾವೇ ಕಲೀತಾರೆ'. ಮಿತ್ರ ಮೇಷ್ಟ್ರನ್ನ ಹೊರಗೆ ಕಳಿಸಿ ಗೆಳೆಯರನ್ನ ಒಳಗೆ ಬಿಟ್ಟರು. ಆ್ಯಪಿನವರು ಮೇಷ್ಟ್ರನ್ನ ಪರದೆಯೊಳಗೆ ಕೂರಿಸಿ ಗೆಳೆಯರನ್ನ ಹೊರಗೆ ಹಾಕಿದರು. ಒಂದು ಲಾಗಿನ್, ಒಂದು ಹೆಡ್‌ಫೋನ್, ಒಂದು ಮಗು.

ಮಗಳು ಆ್ಯಪಿನಲ್ಲಿ ಚೆನ್ನಾಗೇ ಮಾಡ್ತಿದ್ದಳು, ಅದನ್ನೂ ಹೇಳಬೇಕು. ಋಣ ಸಂಖ್ಯೆಗಳ ಅಧ್ಯಾಯಕ್ಕೆ ಪೂರಾ ಸ್ಟಾರು. ಸಂಖ್ಯಾರೇಖೆ, ಸೊನ್ನೆಯ ಎಡಕ್ಕೆ ಮೈನಸ್ಸು, ಬಲಕ್ಕೆ ಪ್ಲಸ್ಸು, ಎಲ್ಲ ಟಿಕ್ಕು. ಪ್ರತಿ ಭಾನುವಾರ ನನ್ನ ಫೋನಿಗೆ ವರದಿ ಬರ್ತಿತ್ತು. ನಾನದನ್ನ ಅಣ್ಣನಿಗೆ ಫಾರ್ವರ್ಡ್ ಮಾಡ್ತಿದ್ದೆ.

ಇನ್ನು ಆ ಸಂಜೆ. ವೈಫೈ ಹೋದ ಮೇಲೆ ಟ್ಯಾಬುಗಳೆಲ್ಲ ಮಣೆಯಾದವು. ನನ್ನ ಹಳೆ ಲ್ಯಾಪ್‌ಟಾಪಿನಲ್ಲಿ ಯಾವಾಗಲೋ ಹಾಕಿಟ್ಟಿದ್ದ ಸ್ಕ್ರ್ಯಾಚ್ ಮಾತ್ರ ಇಂಟರ್‌ನೆಟ್ ಇಲ್ಲದೆಯೂ ನಡೆಯುತ್ತಿತ್ತು. ಗೊತ್ತಿಲ್ಲದವರಿಗೆ ಒಂದು ಮಾತು: ಸ್ಕ್ರ್ಯಾಚ್ ಅನ್ನೋದು ಎಂಐಟಿಯ ಮೀಡಿಯಾ ಲ್ಯಾಬಿನಲ್ಲಿ ಮಿಚೆಲ್ ರೆಸ್ನಿಕ್ ಮತ್ತು ಗೆಳೆಯರು ಮಾಡಿ 2007ರಲ್ಲಿ ಹೊರಬಿಟ್ಟ, ಮಕ್ಕಳ ಪ್ರೋಗ್ರಾಮಿಂಗ್ ಭಾಷೆ. ಟೈಪ್ ಮಾಡೋದು ಕಮ್ಮಿ, ಬಣ್ಣದ ತುಂಡುಗಳನ್ನ ಒಂದಕ್ಕೊಂದು ಸಿಕ್ಕಿಸಿದರೆ ಪರದೆಯ ಮೇಲಿನ ಬೆಕ್ಕು ನಡೆಯುತ್ತೆ, ಕುಣಿಯುತ್ತೆ.

ನಾಲ್ಕೂ ಜನ ಒಂದೇ ಲ್ಯಾಪ್‌ಟಾಪಿಗೆ ಮುತ್ತಿಕೊಂಡರು. ಹತ್ತು ನಿಮಿಷ ಬರೀ ಕಿತ್ತಾಟ. ಆಮೇಲೆ ಒಂದು ಆಟ ಹುಟ್ಟಿತು, ಅಪ್ಪಟ ಬೆಂಗಳೂರಿನದ್ದು: ರಸ್ತೆಯಲ್ಲಿ ಒಂದು ಆಟೋ, ಎದುರಿಗೆ ಗುಂಡಿಗಳು, ಗುಂಡಿ ತಪ್ಪಿಸಿ ಓಡಿಸಬೇಕು, ಮೂರು ಜೀವ. ಬೆಕ್ಕನ್ನ ಅಳಿಸಿ ಹಳದಿ-ಹಸಿರು ಡಬ್ಬ ಬರೆದರು.

ಮೊದಲ ತೊಂದರೆ: ಎಡಬಾಣದ ಗುಂಡಿ ಒತ್ತಿದರೂ ಆಟೋ ಬಲಕ್ಕೇ ಹೋಗ್ತಿತ್ತು. ಎರಡು ಬಾಣಕ್ಕೂ 'ಎಕ್ಸ್ ಅನ್ನು 10ರಷ್ಟು ಬದಲಿಸು' ಅಂತ ಹಾಕಿದ್ದರು. ಋಣ ಸಂಖ್ಯೆಗಳಲ್ಲಿ ಪೂರಾ ಸ್ಟಾರು ತೆಗೆದ ನನ್ನ ಮಗಳು ಸುಮ್ಮನೆ ನೋಡ್ತಾ ಕೂತಿದ್ದಳು. ಋಣ ಸಂಖ್ಯೆ ಅನ್ನೋ ಪದವನ್ನೇ ಇನ್ನೂ ಕೇಳದ ಅಣ್ಣನ ಮಗ, ನಾಲ್ಕನೇ ಕ್ಲಾಸಿನವನು, "ಲಿಫ್ಟಲ್ಲಿ ಬೇಸ್‌ಮೆಂಟಿಗೆ ಮೈನಸ್ ಒಂದು ಇರತ್ತಲ್ವಾ, ಹಂಗೆ ಮೈನಸ್ ಹಾಕು" ಅಂದ. ಹಾಕಿದರು. ಆಟೋ ಎಡಕ್ಕೆ ಬಂತು. ಮಗಳ ಮುಖ ನೋಡಬೇಕಿತ್ತು. "ಓ, ಇದು ಅದಾ?" ಅಂದಳು.

ಅದಾ ಅನ್ನೋದು ಆ್ಯಪಿನೊಳಗಿದ್ದ ಸಂಖ್ಯಾರೇಖೆ. ಇದು ಅನ್ನೋದು ಕಣ್ಣೆದುರಿನ ಆಟೋ. ಎರಡೂ ಒಂದೇ ಅಂತ ಅವಳಿಗೆ ಹೊಳೆದದ್ದು ಅವಳಿಗಿಂತ ಚಿಕ್ಕ ಹುಡುಗ ಲಿಫ್ಟಿನ ಮಾತೆತ್ತಿದಾಗ. ಅವನಿಗೋಸ್ಕರ ಅವಳು ಕಾದಿದ್ದಕ್ಕೆ.

ಎರಡನೇ ತೊಂದರೆ ಇನ್ನೂ ಚೆನ್ನಾಗಿತ್ತು. ಆಟೋ ಒಂದೇ ಒಂದು ಗುಂಡಿಗೆ ಬಿದ್ದರೂ ಮೂರೂ ಜೀವ ಒಟ್ಟಿಗೆ ಹೋಗ್ತಿತ್ತು. ಯಾಕೆ ಅಂತ ಗೊತ್ತಾಗದೆ ಎದುರು ಮನೆ ಹುಡುಗ ಎಲ್ಲ ಅಳಿಸಿ ಹೊಸದಾಗಿ ಮಾಡೋಣ ಅಂದ. ನಾನು ಸಾಫ್ಟ್‌ವೇರಿನವನು, ಕಾರಣ ನೋಡಿದ ತಕ್ಷಣ ಗೊತ್ತಾಯ್ತು. ಬಾಯಿ ತೆಗೆಯೋ ಹೊತ್ತಿಗೆ ಅಮ್ಮ ಕೈ ಒರೆಸಿಕೊಳ್ತಾ ಬಂದು ಹಿಂದೆ ನಿಂತರು.

"ಇದೇನ್ರೋ, ಒಂದ್ ಸಲ ಬಿದ್ರೆ ಮೂರು ಸಲ ಸಾಯ್ತಾನೆ?"

"ಅಜ್ಜಿ, ನಿಂಗೆ ಗೊತ್ತಾಗಲ್ಲ."

"ಗೊತ್ತಾಗಲ್ಲ ಅಂತಾನೇ ಕೇಳ್ತಿರೋದು. ತೋರ್ಸು."

ಮಗಳು ತೋರಿಸೋಕೆ ಶುರು ಮಾಡಿದಳು. ನೋಡಜ್ಜಿ, ಆಟೋ ಗುಂಡಿಗೆ ತಾಗ್ತಾ ಅಂತ ಕಂಪ್ಯೂಟರ್ ನೋಡ್ತಿರತ್ತೆ. ತಾಗಿದ್ರೆ ಒಂದು ಜೀವ ಕಮ್ಮಿ ಮಾಡತ್ತೆ. ಆಮೇಲೆ ಮತ್ತೆ ನೋಡತ್ತೆ. ಮತ್ತೆ ತಾಗ್ತಾನೇ ಇರತ್ತಲ್ಲ, ಮತ್ತೆ ಕಮ್ಮಿ... ಅಂತ ಹೇಳ್ತಾ ಹೇಳ್ತಾ ಅಲ್ಲೇ ನಿಂತಳು. ಆಟೋ ಗುಂಡಿ ದಾಟೋಕೆ ಮುಂಚೆ ಕಂಪ್ಯೂಟರ್ ಹತ್ತಾರು ಸಲ ನೋಡಿಬಿಡುತ್ತೆ! ಹೇಳುವಾಗ ಅವಳಿಗೇ ಗೊತ್ತಾಯ್ತು. ಒಂದು ಸೆಕೆಂಡ್ ಕಾಯೋ ತುಂಡನ್ನ ನಡುವೆ ಸಿಕ್ಕಿಸಿದರು. ಸರಿಹೋಯ್ತು. ಅಜ್ಜಿಗೆ ಪೂರ್ತಿ ಅರ್ಥ ಆಯ್ತೋ ಇಲ್ವೋ. ಅಜ್ಜಿಗೆ ಅರ್ಥ ಮಾಡಿಸೋಕೆ ಹೋಗಿ ಮೊಮ್ಮಗಳಿಗಂತೂ ಆಯ್ತು.

ಆ ರಾತ್ರಿ ನಾನು ಮಿತ್ರ ಅವರ ಭಾಷಣ ಮತ್ತೆ ಹಾಕಿದೆ. ಈ ಸಲ ನನ್ನ ಕಿವಿಗೆ ಬಿದ್ದದ್ದು ಬೇರೆ.

ದಕ್ಷಿಣ ಭಾರತದ ಕಾಳಿಕುಪ್ಪಂ ಅನ್ನೋ ಹಳ್ಳಿಯ ಕಥೆ ಅದರಲ್ಲಿ ಬರುತ್ತೆ. ತಮಿಳು ಮಾತಾಡುವ ಮಕ್ಕಳು, ಇಂಗ್ಲಿಷಿನಲ್ಲಿರುವ ಡಿಎನ್‌ಎ ಪಾಠ, ಮೇಷ್ಟ್ರಿಲ್ಲ. ಎರಡು ತಿಂಗಳ ಮೇಲೆ ಪರೀಕ್ಷೆ ಮಾಡಿದರೆ ಸೊನ್ನೆಯಿಂದ ಶೇ 30ಕ್ಕೆ ಏರಿದ್ದರು. ಸಭೆ ಚಪ್ಪಾಳೆ ಹೊಡೆಯುತ್ತೆ, ಹೊಡೆಯಬೇಕಾದ್ದೇ. ಆದರೆ ಕಥೆ ಅಲ್ಲಿಗೆ ಮುಗಿಯೋದಿಲ್ಲ. ಶೇ 30 ಅಂದ್ರೆ ಫೇಲು ಅಂತ ಮಿತ್ರ ಅವರಿಗೂ ಗೊತ್ತು. ಆಗ ಅವರು ಮಕ್ಕಳಿಗೆ ಪರಿಚಯವಿದ್ದ 22 ವರ್ಷದ ಒಬ್ಬ ಹುಡುಗಿಯ ಮೊರೆ ಹೋಗ್ತಾರೆ. ಅವಳು ಅಕೌಂಟೆಂಟು, ಜೀವಶಾಸ್ತ್ರ ಗೊತ್ತಿಲ್ಲ. ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ಹಿಂದೆ ನಿಂತು ಅಜ್ಜಿಯ ಥರ ಆಶ್ಚರ್ಯಪಡು, ಅದು ಹೇಗೆ ಮಾಡಿದೆ ಅಂತ ಕೇಳು, ಅಷ್ಟೇ ಸಾಕು ಅಂತ ಅವಳಿಗೆ ಹೇಳ್ತಾರೆ. ಇನ್ನೆರಡು ತಿಂಗಳಿಗೆ ಅಂಕ ಶೇ 50. ದೆಹಲಿಯ ಶ್ರೀಮಂತ ಶಾಲೆಯಲ್ಲಿ, ವಿಷಯ ತಿಳಿದ ಶಿಕ್ಷಕರ ಕೈಲಿ ಕಲಿತ ಮಕ್ಕಳಿಗೆ ಸರಿಸಮ.

ಲೆಕ್ಕ ಹಾಕಿ. ಮೂವತ್ತಕ್ಕೂ ಐವತ್ತಕ್ಕೂ ನಡುವಿನ ಇಪ್ಪತ್ತು ಅಂಕ ಆ ಹುಡುಗಿಯದ್ದು. ಹಿಂದೆ ನಿಂತ ಒಬ್ಬ ಮನುಷ್ಯಳದ್ದು. ಮಿತ್ರ ಇದನ್ನ ಮುಚ್ಚಿಟ್ಟಿಲ್ಲ. ಅಜ್ಜಿಯ ವಿಧಾನ ಅಂತ ಹೆಸರನ್ನೇ ಇಟ್ಟಿದ್ದಾರೆ. 2009ರ ಹೊತ್ತಿಗೆ ಬ್ರಿಟನ್ನಿನ ನಿವೃತ್ತ ಶಿಕ್ಷಕರನ್ನೆಲ್ಲ ಸೇರಿಸಿ, ಸ್ಕೈಪಿನಲ್ಲಿ ಭಾರತದ ಮಕ್ಕಳ ಜೊತೆ ಮಾತಾಡಿಸುವ 'ಗ್ರ್ಯಾನಿ ಕ್ಲೌಡ್' ಕೂಡ ಶುರು ಮಾಡಿದರು. ನನ್ನ ತಕರಾರು ಇಷ್ಟೇ: ಇಷ್ಟೆಲ್ಲ ಗೊತ್ತಿದ್ದೂ ಭಾಷಣದ ಶಿಖರವಾಕ್ಯ ಮಾತ್ರ 'ಮಕ್ಕಳು ತಾವೇ ಕಲಿಯುತ್ತಾರೆ' ಅಂತಲೇ ಉಳಿಯಿತು. ಅಜ್ಜಿ ಒಂದು ತಮಾಷೆಯ ಉಪಕಥೆಯಾದಳು. ತನ್ನದೇ ಪುರಾವೆಗಿಂತ ಅದರ ಘೋಷಣೆ ದೊಡ್ಡದು. ಅಂಥ ಘೋಷಣೆಯನ್ನ ಯಾರು ಬೇಕಾದರೂ ಎತ್ತಿಕೊಂಡು ಹೋಗಿ ತಮ್ಮ ಅಂಗಡಿಯ ಬೋರ್ಡ್ ಮಾಡಬಹುದು. ಮಾಡಿಯೂ ಆಯ್ತು.

ಗೋಡೆಯ ತೂತಿಗೆ ಟೀಕೆ ಹೊಸದಲ್ಲ. ಮಾರ್ಕ್ ವಾರ್ಶಾವರ್ ಅನ್ನುವ ಸಂಶೋಧಕರು ಮೊದಮೊದಲ ವರ್ಷಗಳಲ್ಲೇ ದೆಹಲಿಯ ಗೋಡೆ ನೋಡಿ ಬಂದು 2002ರಲ್ಲಿ ಬರೆದರು: ಇಂಟರ್‌ನೆಟ್ ಸರಿಯಾಗಿ ಇರ್ತಿರಲಿಲ್ಲ, ಹಿಂದಿಯಲ್ಲಿ ಏನೂ ಇರಲಿಲ್ಲ, ಮಕ್ಕಳು ಬಹುಪಾಲು ಆಟವಾಡ್ತಾ, ಚಿತ್ರ ಬರೀತಾ ಇದ್ದರು. 2010ರಲ್ಲಿ ಪಾಯಲ್ ಅರೋರಾ, ಉತ್ತರಾಖಂಡದ ಅಲ್ಮೋರಾ ಕಡೆಯ ಇಂಥ ಕೇಂದ್ರಗಳು ಪಾಳು ಬಿದ್ದದ್ದರ ಬಗ್ಗೆ ಬರೆದರು. ಬಿಟ್ಟಿ ಕಲಿಕೆಯ ಭರವಸೆ ನೋಡಿಕೊಳ್ಳುವವರಿಲ್ಲದೆ ಏನಾಗುತ್ತೆ ಅನ್ನೋದು ಅವರ ಪ್ರಶ್ನೆ. ಬಯಲಲ್ಲಿ ಬಿಟ್ಟ ಕಂಪ್ಯೂಟರನ್ನ ದೊಡ್ಡ ಹುಡುಗರು ಆಕ್ರಮಿಸಿಕೊಳ್ಳುವ ಬಗ್ಗೆಯೂ ಟೀಕೆಗಳು ಬಂದಿವೆ.

ಈ ಕೊನೆಯದನ್ನ ನಾನು ಬಹಳ ದಿನ ತಲೆಗೆ ಹಾಕಿಕೊಂಡಿರಲಿಲ್ಲ. ತಲೆಗೆ ಹೋಗೋಕೆ ನಮ್ಮ ತಂಗಿಯ ಮನೆಯೇ ಬೇಕಾಯ್ತು.

2020ರ ಲಾಕ್‌ಡೌನ್. ತಂಗಿಯ ಮನೆ ತೀರ್ಥಹಳ್ಳಿ ಕಡೆ. ಅವಳ ಮಗ ಆಗ ಹತ್ತನೇ ಕ್ಲಾಸು, ಮಗಳು ಎಂಟನೇದು. ಮನೆಗೆಲ್ಲ ಒಂದೇ ಸ್ಮಾರ್ಟ್‌ಫೋನು. ಗ್ರಾಮೀಣ ಭಾರತದ ಕಥೆಯೇ ಅದಾಗಿತ್ತು ಅನ್ನಿ. ಅಸರ್ ವರದಿಯ ಪ್ರಕಾರ 2018ರಲ್ಲಿ ಶಾಲೆಗೆ ಹೋಗುವ ಹಳ್ಳಿ ಮಕ್ಕಳಲ್ಲಿ ಶೇ 36.5ರಷ್ಟು ಮಂದಿಯ ಮನೆಯಲ್ಲಿ ಸ್ಮಾರ್ಟ್‌ಫೋನ್ ಇತ್ತು, 2020ರ ಹೊತ್ತಿಗೆ ಅದು ಶೇ 61.8 ಆಯ್ತು. ಎರಡೇ ವರ್ಷಕ್ಕೆ ಎಷ್ಟು ಏರಿಕೆ! ಆದರೆ ಮನೆಯಲ್ಲಿ ಫೋನ್ ಇದೆ ಅನ್ನೋದು ಬೇರೆ, ಅದು ಯಾರ ಕೈಲಿದೆ ಅನ್ನೋದು ಬೇರೆ.

ತಂಗಿ ಆಗೊಂದು ಫೋಟೋ ಕಳಿಸಿದ್ದಳು. ಜಗಲಿ ಮೇಲೆ ನಾಲ್ಕು ಮಕ್ಕಳು, ಇವಳದ್ದು ಇಬ್ಬರು, ಅಕ್ಕಪಕ್ಕದವರು ಇಬ್ಬರು. ಚೊಂಬಿಗೆ ಒರಗಿಸಿಟ್ಟ ಒಂದು ಫೋನು. ನಾಲ್ಕೂ ತಲೆ ಅದರೊಳಗೆ. ನಾನದನ್ನ ಆಫೀಸಿನ ಗ್ರೂಪಿಗೆ ಹಾಕಿ 'ನಮ್ಮೂರಿನ ಗೋಡೆ ತೂತು' ಅಂತ ಬರೆದೆ. ಹೃದಯದ ಚಿಹ್ನೆಗಳು ಬಂದವು. ನೋಡಿ, ಕೊರತೆಯೇ ವರ, ಹಂಚಿಕೊಂಡು ಕಲೀತಿದಾರೆ, ನಮ್ಮ ಮಕ್ಕಳಿಗೆ ಈ ಭಾಗ್ಯ ಇಲ್ಲ ಅಂತೆಲ್ಲ ಮಾತಾಡಿಕೊಂಡ್ವಿ.

ಎರಡು ವರ್ಷ ಕಳೆದು ಊರಿಗೆ ಹೋದಾಗ ಸೊಸೆಗೆ ಆ ಫೋಟೋ ತೋರಿಸಿದೆ. ಅವಳು ನಗಲಿಲ್ಲ. "ಇದ್ರಲ್ಲಿ ನಾನೆಲ್ಲಿದೀನಿ ನೋಡು ಮಾವ" ಅಂದಳು. ತುದಿಯಲ್ಲಿ, ಎರಡು ತಲೆಗಳ ಹಿಂದೆ, ಅರ್ಧ ಮುಖ. "ಅದು ಅಣ್ಣನ ಕ್ಲಾಸು. ಅಣ್ಣಂಗೆ ಎಸ್‌ಎಸ್‌ಎಲ್‌ಸಿ ಅಲ್ವಾ, ಫೋನು ಅವನದ್ದೇ. ನಂಗೆ ಸಿಗೋ ಹೊತ್ತಿಗೆ ಚಾರ್ಜು ಇರ್ತಿರಲಿಲ್ಲ, ಇಲ್ಲ ಡೇಟಾ ಮುಗಿದಿರ್ತಿತ್ತು. ಆ ವರ್ಷ ಆ ಫೋನನ್ನ ನಾನು ಕೈಲಿ ಹಿಡಿದಿದ್ದು ಎಷ್ಟು ಸಲ ಅಂತ ಎಣಿಸಿ ಹೇಳಬಹುದು."

ಅವಳಿಗೆ ಪಾಠ ಸಿಕ್ಕಿದ್ದು ಟಿವಿಯಲ್ಲಿ. ಚಂದನ ವಾಹಿನಿಯಲ್ಲಿ ಬರ್ತಿದ್ದ 'ಸಂವೇದ'. ಅದನ್ನೂ ಹಾಲು ಕರೆಯೋ ಕೆಲಸ, ಅಡುಗೆಮನೆ ಕೆಲಸದ ಮಧ್ಯ ನೋಡಿದ್ದು. ಮತ್ತೆ ಕೆಲವು ವಾರ 'ವಿದ್ಯಾಗಮ'. ಮೇಷ್ಟ್ರುಗಳೇ ಊರಿಗೆ ಬಂದು ಜಗಲಿ, ದೇವಸ್ಥಾನದ ಅಂಗಳದಲ್ಲಿ ಮಕ್ಕಳನ್ನ ಕೂರಿಸಿಕೊಂಡು ಪಾಠ ಮಾಡಿದ ಯೋಜನೆ. ಸೋಂಕು ಹೆಚ್ಚಿ ಅಕ್ಟೋಬರಿನಲ್ಲಿ ಅದೂ ನಿಂತಿತು. "ಮೇಷ್ಟ್ರು ಬಂದಾಗ ಚೆನ್ನಾಗಿತ್ತು" ಅಂದಳು. ಯಾಕೆ ಅಂದೆ. "ಹಿಂದೆ ಕೂತ್ರೆ ಮುಂದೆ ಬಾ ಅಂತಿದ್ರು."

ಇಡೀ ಗೋಡೆಯ ತೂತಿನ ಚರ್ಚೆಯಲ್ಲಿ ನಾನು ಓದಿದ ಅತ್ಯುತ್ತಮ ವಿಮರ್ಶೆ ಯಾವುದು ಅಂದ್ರೆ ಈ ಮಾತೇ.

ಒಂದು ಪರದೆ, ನಾಲ್ಕು ತಲೆ ಅನ್ನೋದು ತನ್ನಷ್ಟಕ್ಕೆ ತಾನೇ ಒಳ್ಳೆಯದಲ್ಲ. ಹಿಂದೆ ಕೂತವರನ್ನ ಮುಂದೆ ಬಾ ಅನ್ನುವವರು ಇಲ್ಲದಿದ್ದರೆ, ಜೋರಾಗಿರುವವನು ಕಲೀತಾನೆ, ಮೆತ್ತಗಿರುವವಳು ನೋಡ್ತಾಳೆ. ಸಾಮಾನ್ಯವಾಗಿ ಗಂಡುಹುಡುಗ ಒತ್ತುತ್ತಾನೆ, ಹೆಣ್ಣುಹುಡುಗಿ ಒರಗಿ ನಿಲ್ತಾಳೆ. ಮಕ್ಕಳು ಹೊರಗಿನ ಸಮಾಜವನ್ನ ಪರದೆಯ ಮುಂದಕ್ಕೂ ಹೊತ್ತು ತರ್ತಾರೆ. ಹಾಗಂತ ಪ್ರತಿ ಮಗುವಿಗೂ ಒಂದೊಂದು ಟ್ಯಾಬ್ ಕೊಟ್ಟು ಹೆಡ್‌ಫೋನ್ ಹಾಕಿಬಿಟ್ಟರೆ ಅದು ನ್ಯಾಯ ಆಗುತ್ತಾ? ಸೊಸೆಗೆ ಆ ವರ್ಷ ಒಂದು ಸ್ವಂತ ಫೋನ್ ಸಿಕ್ಕಿದ್ದರೆ ಖಂಡಿತ ಒಳ್ಳೆಯದೇ ಆಗ್ತಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವಳು ನೆನಪಿಟ್ಟುಕೊಂಡದ್ದು ಫೋನನ್ನಲ್ಲ. ಮುಂದೆ ಬಾ ಅಂದವರನ್ನ.

ಇದನ್ನ ಬಹಳ ಹಿಂದೆಯೇ ಕಂಡಿದ್ದವರು ಸೀಮೋರ್ ಪ್ಯಾಪರ್ಟ್. ಮಕ್ಕಳಿಗೋಸ್ಕರ ಲೋಗೋ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಮಾಡಿದವರಲ್ಲಿ ಒಬ್ಬರು, ರೆಸ್ನಿಕ್‌ಗೆ ಗುರು. 1980ರ 'ಮೈಂಡ್‌ಸ್ಟಾರ್ಮ್ಸ್' ಪುಸ್ತಕದ ಕೊನೆಯ ಕಡೆ ಅವರು ಕಂಪ್ಯೂಟರ್ ಬಿಟ್ಟು ಬ್ರೆಜಿಲಿನ ಸಾಂಬಾ ಶಾಲೆಗಳ ಮಾತೆತ್ತುತ್ತಾರೆ. ಹೆಸರಿಗೆ ಶಾಲೆ, ನಿಜಕ್ಕೆ ಅದೊಂದು ಕೂಟ. ಕಾರ್ನಿವಲ್ಲಿಗೆ ತಯಾರಿ ಮಾಡ್ತಾ ಮಕ್ಕಳು, ದೊಡ್ಡವರು, ಬಲ್ಲವರು, ಬಾರದವರು ಒಂದೇ ಅಂಗಳದಲ್ಲಿ ಕುಣೀತಾರೆ. ಕಲಿಸೋದು, ಕಲಿಯೋದು ಅಲ್ಲಿ ಬೇರೆಬೇರೆ ಅಲ್ಲ. ನಮಗೆ ಅರ್ಥವಾಗೋ ಹಾಗೆ ಹೇಳೋದಾದರೆ ಯಕ್ಷಗಾನದ ಚೌಕಿ. ಬಣ್ಣ ಹಚ್ಚಿಕೊಳ್ಳುವವರ ಪಕ್ಕ ಕೂತು ಕನ್ನಡಿ ಹಿಡಿದ ಹುಡುಗನೇ ನಾಲ್ಕು ವರ್ಷಕ್ಕೆ ಗೆಜ್ಜೆ ಕಟ್ಟುತ್ತಾನೆ. ಅಂಥದ್ದೊಂದು ಜಾಗ ಕಂಪ್ಯೂಟರಿನ ಸುತ್ತ ಹುಟ್ಟಲಿ ಅನ್ನೋದು ಪ್ಯಾಪರ್ಟ್ ಆಸೆ. ಅಲ್ಲಿ ದೊಡ್ಡವರು ಇಲ್ಲ ಅಂತ ಅವರು ಎಲ್ಲೂ ಹೇಳಲಿಲ್ಲ. ದೊಡ್ಡವರೂ ಕುಣೀತಿದಾರೆ ಅಂದರು.

ಟಿವಿಯವರಿಗೂ ಇದು ಗೊತ್ತಿತ್ತು. ಅಮೆರಿಕದಲ್ಲಿ 1969ರಲ್ಲಿ 'ಸೆಸಮಿ ಸ್ಟ್ರೀಟ್' ಶುರು ಮಾಡಿದವರು ಪುಟ್ಟ ಮಕ್ಕಳ ಆ ಕಾರ್ಯಕ್ರಮಕ್ಕೆ ದೊಡ್ಡವರ ಜೋಕು, ದೊಡ್ಡವರು ಗುರುತು ಹಿಡಿಯುವ ತಾರೆಯರನ್ನ ಬೇಕಂತಲೇ ಸೇರಿಸಿದರು. ಅಪ್ಪ ಅಮ್ಮನೂ ಪಕ್ಕದಲ್ಲಿ ಕೂರಲಿ, ಕೂತರೆ ಮಗುವಿನ ಜೊತೆ ಮಾತಾಡ್ತಾರೆ ಅಂತ. ಈಗಿನ ಆ್ಯಪುಗಳಲ್ಲಿ ಅಪ್ಪನಿಗೆ ಏನಿದೆ? ಭಾನುವಾರದ ವರದಿ ಇದೆ. ನನ್ನನ್ನ ಪಕ್ಕದಲ್ಲಿ ಕೂರಿಸೋಕೆ ಅಲ್ಲ, ಪಕ್ಕದಲ್ಲಿ ಕೂರದಿದ್ದರೂ ಪರವಾಗಿಲ್ಲ ಅಂತ ಸಮಾಧಾನ ಮಾಡೋಕೆ.

ಇಲ್ಲಿ ನನ್ನ ಪಾಲಿನ ತಪ್ಪೊಪ್ಪಿಗೆ ಬಾಕಿ ಇದೆ. ಆ ಇನ್‌ಶರ್ಟ್ ಹುಡುಗ ಸುಳ್ಳು ಹೇಳಿ ನನಗೆ ಮೋಸ ಮಾಡಿದ ಅಂತ ಬರೆದರೆ ಸುಲಭ. ನಿಜ ಏನಂದ್ರೆ ಅವನು ನನಗೆ ಬೇಕಾದ್ದನ್ನೇ ಮಾರಿದ. ಸಂಜೆ ಆರೂವರೆಗೆ ನನಗೆ ಆಫೀಸ್ ಕಾಲು. ಹೆಂಡತಿ ಮನೆ ಸೇರೋದು ಎಂಟಕ್ಕೆ, ಟ್ರಾಫಿಕ್ಕಿನ ಕೃಪೆ ಇದ್ದರೆ. ಆ ಒಂದೂವರೆ ಗಂಟೆ ಮಗಳು ಸುಮ್ಮನಿರಬೇಕು, ಆದರೆ ಸುಮ್ಮನೆ ಇದ್ದಾಳೆ ಅನ್ನೋ ಪಾಪಪ್ರಜ್ಞೆ ನನಗೆ ಇರಬಾರದು. ಆ್ಯಪು ಮಾರಿದ್ದು ಅವಳಿಗೆ ಗಣಿತವನ್ನಲ್ಲ, ನನಗೆ ಬಿಡುವನ್ನ. 'ಮಕ್ಕಳು ತಾವೇ ಕಲೀತಾರೆ' ಅನ್ನೋ ಮಾತು ನನಗೆ ಅಷ್ಟು ಹಿಡಿಸಿದ್ದೂ ಅದಕ್ಕೇ ಇರಬಹುದು. ಬೆತ್ತದ ಮೇಷ್ಟ್ರ ನೆನಪು ಒಂದು ನೆಪ.

ಈಗ ಏನು ಮಾಡ್ತಿದ್ದೀವಿ ಅಂತ ಕೇಳಿದರೆ ದೊಡ್ಡ ಕ್ರಾಂತಿಯೇನಿಲ್ಲ. ಆ್ಯಪ್ ಇನ್ನೂ ಇದೆ, ಪರೀಕ್ಷೆಯ ಮುಂಚೆ ಅಭ್ಯಾಸಕ್ಕೆ ಚೆನ್ನಾಗೇ ಆಗುತ್ತೆ. ಭಾನುವಾರ ಬೆಳಿಗ್ಗೆ ಒಂದು ಗಂಟೆ ಮಾತ್ರ ಲ್ಯಾಪ್‌ಟಾಪನ್ನ ಟಿವಿಗೆ ಸಿಕ್ಕಿಸ್ತೀವಿ. ಟ್ಯಾಬು, ಹೆಡ್‌ಫೋನು ಬೀರುವಿನೊಳಗೆ. ಎದುರು ಮನೆಯವರು ಬರ್ತಾರೆ, ಒಮ್ಮೊಮ್ಮೆ ಮೂರನೇ ಮಹಡಿಯ ಇಬ್ಬರು. ಹತ್ತು ನಿಮಿಷಕ್ಕೊಮ್ಮೆ ಮೌಸ್ ಕೈ ಬದಲಾಗಬೇಕು ಅನ್ನೋದೊಂದೇ ನಿಯಮ. ಎಷ್ಟೋ ವಾರ ಏನೂ ಆಗೋದಿಲ್ಲ. ಹೋದ ತಿಂಗಳು ಅಳುವಿನಲ್ಲಿ ಮುಗೀತು. ಒಬ್ಬರ ಅಮ್ಮ ಬಂದು, ಇದ್ರಿಂದ ಮಾರ್ಕ್ಸ್‌ಗೆ ಏನು ಉಪಯೋಗ ಅಂತ ಕೇಳಿದರು. ಹೇಳೋಕೆ ನನ್ನ ಹತ್ರ ಸ್ಟಾರೂ ಇಲ್ಲ, ವರದಿಯೂ ಇಲ್ಲ. ಆ ಒಂದು ಗಂಟೆ ಫೋನ್ ಬದಿಗಿಟ್ಟು ಹಿಂದಿನ ಮೋಡಾದ ಮೇಲೆ ಕೂತಿರೋದು ನನಗೇ ಕಷ್ಟ. ಉತ್ತರ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿರೋದು ಇನ್ನೂ ಕಷ್ಟ.

ಆ ದಸರಾ ಸಂಜೆಯ ಒಂದು ಸಂಗತಿ ಹೇಳೋದು ಉಳೀತು. ಆಟೋ ಸರಿಹೋದ ಮೇಲೆ ಮೂವರೂ ಸರದಿ ಮೇಲೆ ಆಡಿದರು, ಕೂಗಿದರು, ಅಂಕ ಬರೆದುಕೊಂಡರು. ನಾನು ಖುಷಿಯಲ್ಲಿ ನೋಡ್ತಾ ಕೂತಿದ್ದೆ. ಗಮನಿಸಿದ್ದು ಅಮ್ಮ. ಎದುರು ಮನೆ ಹುಡುಗನ ತಂಗಿ, ಮೂರನೇ ಕ್ಲಾಸಿನವಳು, ಎರಡು ಗಂಟೆಯಿಂದ ಅಣ್ಣನ ಭುಜದ ಹಿಂದೆ ನಿಂತಿದ್ದಳು. ಒಂದು ಸಲವೂ ಮೌಸ್ ಮುಟ್ಟಿರಲಿಲ್ಲ. ಕೊಡಿ ಅಂತ ಕೇಳಿಯೂ ಇರಲಿಲ್ಲ.

"ಏಯ್, ಆ ಕೂಸಿಗೂ ಕೊಡ್ರೋ" ಅಂದರು ಅಮ್ಮ. "ಅವಳಿಗೆ ಬರಲ್ಲ ಅಜ್ಜಿ" ಅಂದ ಅವಳ ಅಣ್ಣ. "ನಿಂಗೆ ಬೆಳಿಗ್ಗೆ ಬರ್ತಿತ್ತಾ?" ಅಂತ ಕೇಳಿ, ಕುರ್ಚಿ ಸರಿಸಿ, ಅವಳನ್ನ ಎತ್ತಿ ಕೂರಿಸಿದರು.

ಹುಡುಗಿ ಮೌಸನ್ನ ಎರಡೂ ಕೈಲಿ ಹಿಡಕೊಂಡಳು. ಆಟೋ ಓಡಿಸಲಿಲ್ಲ. ಮೊದಲು ಗುಂಡಿಯ ಮೇಲೆ ಹೋಗಿ, ಎರಡು ಗಂಟೆಯಿಂದ ಮನಸ್ಸಿನಲ್ಲೇ ಇಟ್ಟುಕೊಂಡಿದ್ದಳೋ ಏನೋ, ಅದರೊಳಗೆ ನೀಲಿ ಬಣ್ಣ ತುಂಬಿದಳು. "ಮಳೆ ಬಂದಿದೆ" ಅಂದಳು. "ಈಗ ಗುಂಡಿ ಕಾಣಲ್ಲ. ಈಗ ಆಡಿ ನೋಡೋಣ."